ಚುಕ್ಕಿಗಳ ನಡುವಿನ ವಿಷ

ವಾಸನೆ ಹೇಗಿತ್ತು ಎಂದು ಕೇಳುತ್ತಾರೆ. ಕಹಿ ಬಾದಾಮಿಯ ವಾಸನೆ ಎಂದು ನಮ್ಮ ಕಾಲೇಜಿನ ಪುಸ್ತಕದಲ್ಲಿತ್ತು. ಕಹಿ ಬಾದಾಮಿಯನ್ನು ನಾನು ಅಂದೂ ಕಂಡಿರಲಿಲ್ಲ, ಇಂದಿಗೂ ಕಂಡಿಲ್ಲ. ನಮ್ಮ ಕಡೆ ಬಾದಾಮಿ ಎಂದರೆ ಮದುವೆಮನೆಯ ಹಾಲಿಗೆ ಅರೆದು ಹಾಕುವ ಸಿಹಿ ಬಾದಾಮಿ. ಹುಮನಾಬಾದಿನ ಆ ಕೋಣೆಯ ಬಾಗಿಲಲ್ಲಿ, ಆ ಶುಕ್ರವಾರ ಮಧ್ಯಾಹ್ನ, ನನ್ನ ಮೂಗಿಗೆ ಬಂದದ್ದು ಏನೆಂದು ನಾನು ಹೇಳಲಾರೆ. ನೆನಪಿನಲ್ಲಿ ಉಳಿದದ್ದು ಹುಣಸೆಯ ವಾಸನೆ ಒಂದೇ. ಅದು ಯಾವ ಅಡುಗೆಮನೆಯಲ್ಲೂ ಇರುವ ವಾಸನೆ. ಅದರ ಜೊತೆ ಇನ್ನೇನೋ ಇತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಆಮೇಲೆ, ಅದು ನಾನು ಪುಸ್ತಕದಿಂದ ತಂದು ಸೇರಿಸಿಕೊಂಡದ್ದಿರಬೇಕು ಎಂದೂ ಅನಿಸುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಹುಮನಾಬಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದ್ದೆ. ಪಾಠ ಉರ್ದುವಿನಲ್ಲಿ, ಮನೆಮಾತು ಕನ್ನಡ. ತಂದೆತಾಯಿ ಕಲ್ಯಾಣಿಯಲ್ಲಿದ್ದರು, ಈಗ ಬಸವಕಲ್ಯಾಣ ಎನ್ನುತ್ತಾರಲ್ಲ, ಆ ಊರು. ನಾನು ಹುಮನಾಬಾದಿನಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೆ. ಭಾವನದು ಕಾಳುಕಡಿಯ ವ್ಯಾಪಾರ. ರಾಜೇಶ್ವರ, ಮನ್ನಾಏಖೇಳ್ಳಿಯ ಸಂತೆ ಎಂದು ವಾರದಲ್ಲಿ ಹೆಚ್ಚು ದಿನ ಹೊರಗೇ. ಮನೆಯಲ್ಲಿ ಇರುತ್ತಿದ್ದವರು ಅಕ್ಕ, ಅವಳ ಅತ್ತೆ ಮತ್ತು ನಾನು. ಅಂಗಳದ ಆಚೆ ಬದಿಗೆ ಒಂದು ಕೋಣೆಯಿತ್ತು. ಅದನ್ನು ಭಾವ ಗಿಲೀಟಿನ ಕೆಲಸ ಮಾಡುವ ಒಬ್ಬ ಮುದುಕರಿಗೆ ಬಾಡಿಗೆಗೆ ಕೊಟ್ಟಿದ್ದ. ಊರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು.

ತಾಮ್ರ ಹಿತ್ತಾಳೆಯ ಸಾಮಾನಿಗೆ ಬೆಳ್ಳಿಯ ಲೇಪ ಕೊಡುವುದು ಚಾಚಾನ ಕೆಲಸ. ಅತ್ತರುದಾನಿ, ಹುಕ್ಕಾದ ಕೊಳವೆಯ ತುದಿ, ತಟ್ಟೆ, ಕುದುರೆಯ ಜೀನಿನ ಗುಬುಟು, ಎಲ್ಲ ಬರುತ್ತಿದ್ದವು. ಕೋಣೆಯ ನಡುವೆ ಒಂದು ದೊಡ್ಡ ಪಿಂಗಾಣಿ ಭರಣಿ. ಅದರೊಳಗೆ ಬೆಳ್ಳಿ ಕರಗಿದ ನೀರು. ಸಾಮಾನನ್ನು ತಾಮ್ರದ ತಂತಿಗೆ ಕಟ್ಟಿ ಅದರಲ್ಲಿ ಇಳಿಬಿಡುತ್ತಿದ್ದರು. ಬ್ಯಾಟರಿಗಳನ್ನು ಮಾತ್ರ ಕೋಣೆಯೊಳಗೆ ಇಡುತ್ತಿರಲಿಲ್ಲ. ಅವುಗಳಲ್ಲಿ ತೇಜಾಬು, ಎಂದರೆ ಆಮ್ಲ, ಇರುತ್ತದೆಂದು ಹೊರಗಿನ ಚಪ್ಪರದ ಕೆಳಗಿಟ್ಟು ಕಿಟಕಿಯ ಸಂದಿಯಿಂದ ತಂತಿ ಎಳೆದಿದ್ದರು. ಭರಣಿಯ ನೀರಿನಲ್ಲಿ ಬೆಳ್ಳಿಯನ್ನು ಕರಗಿಸಿ ಹಿಡಿದಿಡಲು ಒಂದು ಬಿಳಿ ಹರಳು ಬೇಕು. ಅದು ಸೈನೈಡ್. ಚಾಚಾ ಆ ಹೆಸರು ಹೇಳುತ್ತಿರಲಿಲ್ಲ. ‘ಮಾಲು’ ಎನ್ನುತ್ತಿದ್ದರು. ಮಾಲಿನ ಡಬ್ಬಿಗೆ ಬೀಗ, ಬೀಗದ ಕೈ ಅವರ ಕೊರಳ ದಾರಕ್ಕೆ.

ಹುಳಿಯನ್ನು ಅವರು ಆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅಕ್ಕ ಹಬ್ಬಕ್ಕೆ ಹೋಳಿಗೆ ಕೊಟ್ಟರೆ ಅಲ್ಲೇ ಕೂತು ತಿನ್ನುತ್ತಿದ್ದರು. ಉಪ್ಪಿನಕಾಯಿ, ಹುಳಿಸಾರು, ಮಜ್ಜಿಗೆ ಕೊಟ್ಟರೆ ಎರಡೂ ಕೈ ಜೋಡಿಸಿ, ಇಲ್ಲಿ ಬೇಡ ಎನ್ನುತ್ತಿದ್ದರು. ಅಕ್ಕ ಯಾಕೆಂದು ಕೇಳಲಿಲ್ಲ. ನಮ್ಮ ಕಡೆ ಪರಸ್ಪರರ ನೇಮವನ್ನು ಯಾರೂ ಕೆದಕಿ ಕೇಳುವುದಿಲ್ಲ. ಅತ್ತೆ ಸೋಮವಾರ ಉಪ್ಪು ಬಿಡುತ್ತಿದ್ದರು, ಚಾಚಾ ಅದನ್ನು ಕೇಳಿದವರಲ್ಲ. ಚಾಚಾ ಹುಳಿ ಬಿಟ್ಟಿದ್ದರು, ಇವರೂ ಕೇಳಲಿಲ್ಲ.

ನನ್ನ ತಲೆಯಲ್ಲಿ ಆಗ ಬೇರೆಯೇ ಹುಚ್ಚು. ಕಾಲೇಜಿನ ಕೊನೆಯ ವರ್ಷ ನಮ್ಮ ಪ್ರಾಧ್ಯಾಪಕರು ವಿಲಾಯತಿಯಿಂದ ತಡವಾಗಿ ಬಂದ ಒಂದು ಪತ್ರಿಕೆಯನ್ನು ತರಗತಿಗೆ ತಂದಿದ್ದರು. ನಕ್ಷತ್ರದ ಬೆಳಕನ್ನು ಪಟ್ಟಕದ ಗಾಜಿನಲ್ಲಿ ಹಾಯಿಸಿ ಬಣ್ಣಬಣ್ಣವಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ದಾರಿಯಲ್ಲಿ ಯಾವ ವಸ್ತು ಆ ಬೆಳಕನ್ನು ನುಂಗಿತೋ ಅದರ ಗುರುತು ಆ ಗೆರೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಈ ಗೆರೆಗಳು ಆಚೀಚೆ ಸರಿದಾಡುತ್ತವೆ. ಆದರೆ ಕೆಲವು ಗೆರೆಗಳು ಸರಿಯುವುದೇ ಇಲ್ಲ. ಅಂದರೆ ಅವು ನಕ್ಷತ್ರದವಲ್ಲ. ನಕ್ಷತ್ರಕ್ಕೂ ನಮಗೂ ನಡುವಿನ ಬಯಲಿನವು. ಆ ಬಯಲಿನಲ್ಲಿ ಬಿಡಿ ಪರಮಾಣುಗಳಿವೆ ಎಂಬುದು ಮೊದಲೇ ತಿಳಿದಿತ್ತು. ಹೊಸದಾಗಿ ತಿಳಿದದ್ದು ಬೇರೆ. ಅಲ್ಲಿ ಅಣುಗಳೂ ಇವೆ, ಎರಡೆರಡು ಪರಮಾಣು ಕೂಡಿದ ಜೋಡಿಗಳು. ಇಂಗಾಲ ಮತ್ತು ಹೈಡ್ರೋಜನ್ನಿನ ಜೋಡಿ ಒಂದು. ಇಂಗಾಲ ಮತ್ತು ನೈಟ್ರೋಜನ್ನಿನ ಜೋಡಿ ಇನ್ನೊಂದು.

ಆ ಎರಡನೆಯದನ್ನು ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆದಾಗ ನಮ್ಮಲ್ಲಿ ಒಬ್ಬ, ಇದು ಸೈನೈಡಿನ ಜೋಡಿಯಲ್ಲವೇ ಎಂದ. ಹೌದು ಎಂದರು. ಅವರು ಮುಂದುವರಿದು, ಅಲ್ಲಿ ಒಂದು ಪರಮಾಣುವಿಗೆ ಇನ್ನೊಂದು ಎದುರಾಗುವುದೇ ಅಪರೂಪ, ಎದುರಾಗಿ ಕೂಡಿದರೂ ನಕ್ಷತ್ರಗಳ ಬೆಳಕು ಬಡಿದು ಬಿಡಿಸಿಬಿಡಬೇಕು, ಆದರೂ ಜೋಡಿಗಳಿವೆ, ಹೇಗೆ ಕೂಡಿದವೋ ಯಾರಿಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಒಬ್ಬ ಪ್ರಾಧ್ಯಾಪಕರು ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಅಂದೇ.

ಹುಮನಾಬಾದಿನಲ್ಲಿ ಈ ಮಾತನ್ನು ಹೇಳಿಕೊಳ್ಳಲು ನನಗೆ ಇದ್ದವರು ಅಕ್ಕ ಮತ್ತು ಚಾಚಾ. ಸಂಜೆ ಚಾಚಾ ಕೆಲಸ ಮುಗಿಸಿ ಅಂಗಳದ ಕಲ್ಲಿನ ಮೇಲೆ ಕೂತು ಕೈ ತೊಳೆಯುವಾಗ, ಅಕ್ಕ ಜೋಳ ಹಸನು ಮಾಡುವಾಗ, ನಾನು ಆಕಾಶದ ಮಾತು ತೆಗೆಯುತ್ತಿದ್ದೆ. ಚಾಚಾನ ಡಬ್ಬಿಯಲ್ಲಿರುವ ಜೋಡಿಯೇ ಚುಕ್ಕಿಗಳ ನಡುವೆಯೂ ಇದೆ ಎಂದಾಗ ಚಾಚಾ ನಗಲಿಲ್ಲ, ನಂಬಲೂ ಇಲ್ಲ.

“ಮಾಸ್ತರ್ ಸಾಬ, ಅಲ್ಲಿ ಯಾರ ತಾಟಿಗೆ ಗಿಲೀಟ ಹಾಕಾಕತ್ತಾರ?” ಎಂದರು.

“ಚಂದ್ರನ ತಾಟಿಗೆ,” ಎಂದಳು ಅಕ್ಕ. “ಅದಕ್ಕ ಹದಿನೈದು ದಿನಕ್ಕೊಮ್ಮಿ ಕಪ್ಪಾಗ್ತದ, ಮತ್ತ ಬೆಳ್ಳಗಾಗ್ತದ. ನಿಮ್ಮಂಗ ಕಚ್ಚಾ ಕೆಲಸದವರು ಯಾರೋ ಇರಬೇಕು ಚಾಚಾ.”

ಚಾಚಾ ಬಹಳ ಹೊತ್ತು ನಕ್ಕರು. ಆದರೆ ಅಕ್ಕನಿಗೆ ನನ್ನ ಮಾತು ನಿಜವಾಗಿಯೂ ಹಿಡಿಸಿತ್ತು. ಇದ್ದಿಲಿನ ಒಂದು ಕಣ, ಗಾಳಿಯ ಒಂದು ಕಣ ಎಂದು ಅವಳಿಗೆ ತಿಳಿಯುವಂತೆ ಹೇಳಿದ್ದೆ. ಅಷ್ಟು ದೂರ ದೂರ ಇದ್ದವು ಒಂದಕ್ಕೊಂದು ಹೇಗೆ ಸಿಕ್ಕವು, ನಡುವೆ ಓಡಾಡಿ ಸಂಬಂಧ ಕುದುರಿಸಿದವರು ಯಾರು ಎಂದು ಮರುದಿನವೂ ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಓದಿದ್ದು ಕಲ್ಯಾಣಿಯಲ್ಲಿ ಊರವರೇ ನಡೆಸುತ್ತಿದ್ದ ಗಾವಠಿ ಶಾಲೆಯಲ್ಲಿ, ಅದೂ ಸ್ವಲ್ಪ. ಆದರೆ ಪ್ರಾಧ್ಯಾಪಕರ ಪ್ರಶ್ನೆಯೂ ಅವಳ ಪ್ರಶ್ನೆಯೂ ಒಂದೇ ಆಗಿತ್ತು.

ಆಷಾಢ ಮುಗಿಯುತ್ತ ಬಂದಿತ್ತು. ಶ್ರಾವಣಕ್ಕೆ ಮುಂಚೆ ಊರಿನ ಕರಡಿಗೆಗಳು ಚಾಚಾನ ಬಳಿ ಬರುವುದು ರೂಢಿ. ಇಷ್ಟಲಿಂಗವನ್ನು ಇಟ್ಟುಕೊಂಡು ಎದೆಯ ಮೇಲೆ ಕಟ್ಟಿಕೊಳ್ಳುವ ಆ ಪುಟ್ಟ ಪೆಟ್ಟಿಗೆ ಇದ್ದವರಿಗೆ ಗಟ್ಟಿ ಬೆಳ್ಳಿಯದು, ಉಳಿದವರಿಗೆ ತಾಮ್ರದ ಮೇಲೆ ಬೆಳ್ಳಿಯ ಲೇಪದ್ದು. ಅಕ್ಕನ ಅತ್ತೆಯದು ಲೇಪದ್ದು. ದಾರ ಉಜ್ಜಿ ಉಜ್ಜಿ ಅಂಚಿನಲ್ಲಿ ತಾಮ್ರ ಕಾಣುತ್ತಿತ್ತು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಖಾಲಿ ಕರಡಿಗೆಯನ್ನು ಚಾಚಾನ ಕೈಗೆ ಕೊಟ್ಟರು. ಕೊಟ್ಟ ಗಳಿಗೆಯಿಂದ ಆಯಿತೇ, ಆಯಿತೇ ಎಂದು ಶುರು. ಎದೆಯ ಮೇಲಿನ ಭಾರ ಇಲ್ಲದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ.

ಅದು ಶುಕ್ರವಾರ. ನಿಜಾಮರ ರಾಜ್ಯದಲ್ಲಿ ನಮಗೆ ವಾರದ ರಜೆ ಅಂದೇ. ನಾನು ಹೊರಗಿನ ಕಟ್ಟೆಯ ಮೇಲೆ ಹುಡುಗರ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಗಾಳಿ ಜೋರಾಗಿ ಬೀಸಿ ಆಗಾಗ ತುಂತುರು ಒಳಗೆ ಹೊಡೆಯುತ್ತಿದ್ದುದರಿಂದ ಚಾಚಾ ಕೋಣೆಯ ಕಿಟಕಿಯನ್ನು ತಂತಿಯಷ್ಟೇ ಸಂದಿ ಬಿಟ್ಟು ಮುಚ್ಚಿದ್ದರು. ಅತ್ತೆಯ ಕರಡಿಗೆ ಭರಣಿಯಲ್ಲಿ ತೂಗಾಡುತ್ತಿತ್ತು. ಬೇರೆ ದಿನ ನಮಾಜಿಗೆ ಹೋಗುವಾಗ ಅವರು ಬೀಗ ಹಾಕುತ್ತಿದ್ದರು. ಅಂದು ಅತ್ತೆ ಬಾಗಿಲಲ್ಲೇ ಕೂತಿದ್ದರಿಂದ, ನಾನು ಬರುವವರೆಗೆ ನೋಡುತ್ತಿರಿ, ಮುಟ್ಟಬೇಡಿ ಎಂದು ಹೇಳಿ ಬಾಗಿಲು ಮುಂದೆ ಮಾಡಿ ಹೋದರು.

ಮುಂದಿನದು ಅಕ್ಕ ಆಮೇಲೆ ಹೇಳಿದ್ದು. ಅತ್ತೆ ಬಾಗಿಲು ತೆರೆದು ಇಣುಕಿ ನೋಡಿ, ಕರಡಿಗೆ ಬೆಳ್ಳಗಾಗಿದೆ, ಸಾಕು, ಪೂಜೆಗೆ ಬೇಕು ಎಂದರಂತೆ. ಅಕ್ಕ ತಡೆದಳಂತೆ. ಆದರೆ ಕರಡಿಗೆ ಬರುವವರೆಗೆ ಮುದುಕಿ ಉಣ್ಣಲು ಏಳಲಿಲ್ಲ. ಕೊನೆಗೆ ಅಕ್ಕ ಒಳಗೆ ಹೋಗಿ ತಂತಿ ಎತ್ತಿ ನೋಡಿದಳು. ಭರಣಿಯಿಂದ ಆಗಷ್ಟೇ ಬಂದ ಲೇಪಕ್ಕೆ ಹೊಳಪಿರುವುದಿಲ್ಲ, ಸುಣ್ಣ ಬಳಿದಂತೆ ಮಂಕಾಗಿರುತ್ತದೆ. ತಿಕ್ಕಬೇಕು ಎಂದುಕೊಂಡಳು. ಬೆಳ್ಳಿಯನ್ನು ತಿಕ್ಕುವುದಕ್ಕೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಬಿಟ್ಟು ಬೇರೆ ಏನಿದೆ?

ಅದನ್ನು ಹೊರಗೆ ತಂದು ಬಚ್ಚಲಲ್ಲಿ ತಿಕ್ಕಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ಆದರೆ ಬೇರೆಯವರ ಕೈಯಲ್ಲಿದ್ದ ಕರಡಿಗೆ ತೊಳೆಯದೆ ಮನೆಯ ಹೊಸ್ತಿಲು ದಾಟುವಂತಿಲ್ಲ, ಅದು ಅತ್ತೆಯ ಕಟ್ಟುಪಾಡು. ಹಾಗಾಗಿ ಅಕ್ಕ ಹುಣಸೆನೀರನ್ನೇ ಆ ಕೋಣೆಗೆ ತೆಗೆದುಕೊಂಡು ಹೋದಳು. ಇನ್ನೂ ಒಂದು ಕಟ್ಟುಪಾಡಿತ್ತು. ಕರಡಿಗೆ ತೊಳೆದ ನೀರನ್ನು ಯಾರೂ ತುಳಿಯಬಾರದು, ಅದು ನೆಲಕ್ಕೆ ಬೀಳಬಾರದು. ಸುತ್ತ ನೋಡಿದಳು. ಅಲ್ಲಿದ್ದ ಪಾತ್ರೆ ಒಂದೇ. ಕರಡಿಗೆಯನ್ನು ಭರಣಿಯ ಮೇಲೆ ಹಿಡಿದು, ತಂಬಿಗೆಯ ಹುಣಸೆನೀರನ್ನು ಅದರ ಮೇಲೆ ಸುರಿದಳು.

ನನಗೆ ಕೇಳಿಸಿದ್ದು ತಂಬಿಗೆ ಬಿದ್ದ ಸದ್ದು. ಹಿತ್ತಾಳೆ ತಂಬಿಗೆ ಕಲ್ಲುನೆಲಕ್ಕೆ ಬಿದ್ದು ಉರುಳಿದ ಸದ್ದು. ಏನು ಬಿದ್ದರೂ ಅಕ್ಕ ಬೈದುಕೊಳ್ಳುತ್ತಾಳೆ. ಅವಳ ಬೈಗುಳ ಕೇಳಲಿಲ್ಲ. ನಾನು ಎದ್ದು ಹೋದೆ.

ಬಾಗಿಲಲ್ಲಿ ನಿಂತು ಕಂಡದ್ದನ್ನು ನಾನು ಇಷ್ಟು ವರ್ಷ ನೋಡುತ್ತಲೇ ಇದ್ದೇನೆ. ಅಕ್ಕ ಭರಣಿಯ ಪಕ್ಕ ಕೂತುಬಿಟ್ಟಿದ್ದಳು, ಯಾರೋ ಭುಜ ಒತ್ತಿ ಕೂರಿಸಿದ ಹಾಗೆ. ಒಂದು ಕೈ ಗಂಟಲ ಮೇಲೆ. ಇನ್ನೊಂದು ಕೈಯಲ್ಲಿ ಕರಡಿಗೆ, ಅದನ್ನು ಬಿಟ್ಟಿರಲಿಲ್ಲ. ಭರಣಿಯ ನೀರು ಸಣ್ಣಗೆ ನೊರೆಯಾಡುತ್ತಿತ್ತು, ಅಂಚಿಗೆ ಹುಣಸೆಯ ನಾರು ಅಂಟಿತ್ತು. ಅವಳು ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮಾತಿನ ಬದಲು ದೊಡ್ಡ ಉಸಿರು ಒಳಗೆ ಹೋಯಿತು. ಆ ಉಸಿರು ಒಳಗೆ ಹೋದದ್ದೇ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿರುವುದು. ಎಳೆಯಬೇಡ, ಅಕ್ಕಾ, ಉಸಿರು ಎಳೆಯಬೇಡ ಎಂದು ಕೂಗಬೇಕು. ಕೂಗಬೇಕಾದರೆ ನಾನು ಉಸಿರು ಎಳೆಯಬೇಕು.

ಇಂಗಾಲ, ನೈಟ್ರೋಜನ್, ಈಗ ಹುಳಿಯಿಂದ ಬಂದು ಸೇರಿದ ಹೈಡ್ರೋಜನ್. ನಾನು ಅಂಗಳದಲ್ಲಿ ಕೂತು ಬಣ್ಣಿಸಿದ್ದ ಆ ಜೋಡಿ, ಮೂರನೆಯದನ್ನು ಕೂಡಿಕೊಂಡು ನೀರಿನಿಂದ ಎದ್ದು ನನ್ನ ಅಕ್ಕನ ಎದೆಯೊಳಗೆ ಹೋಗುತ್ತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೋಣೆ ಎಂದಿನಂತೆಯೇ ಇತ್ತು.

ಹೊರಗೆ ತಿರುಗಿ ಎದೆ ತುಂಬ ಗಾಳಿ ಹಿಡಿದು, ಬಾಯಿ ಮೂಗು ಮುಚ್ಚಿಕೊಂಡು ಒಳಗೆ ಹೋದೆ. ಅವಳ ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಅಕ್ಕ ತೆಳ್ಳಗಿನ ಹೆಂಗಸು. ಆ ಹೊತ್ತು ಅವಳು ಜೋಳದ ಚೀಲಕ್ಕಿಂತ ಭಾರವಾಗಿದ್ದಳು. ಅವಳ ಸೀರೆ ಹೊಸ್ತಿಲಿನ ಮೊಳೆಗೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ನನ್ನ ಎದೆ ಸಿಡಿಯುತ್ತಿತ್ತು. ಈಗಲೂ ಕನಸಿನಲ್ಲಿ ಸೀರೆ ಬಿಡುವುದಿಲ್ಲ. ನಿಜದಲ್ಲಿ ಅದು ಹರಿಯಿತು, ಇಬ್ಬರೂ ಅಂಗಳದ ಕೆಸರಿನಲ್ಲಿ ಬಿದ್ದೆವು.

ಆಗ ಅತ್ತೆ ಎದ್ದು ಬಂದರು. ಎಳೆಯುವಾಗ ಕರಡಿಗೆ ಅಕ್ಕನ ಕೈಯಿಂದ ಜಾರಿ ಕೋಣೆಯೊಳಗೇ ಬಿದ್ದಿತ್ತು. ಮುದುಕಿ ಕಂಡದ್ದು ಅದೊಂದನ್ನೇ. ಕರಡಿಗೆ ನೆಲಕ್ಕೆ ಬಿದ್ದಿದೆ ಎಂದು ಗೋಳಾಡುತ್ತ ನೇರ ಒಳಗೆ ನಡೆದರು. ನಾನು ಎದ್ದು ಅವರ ದಾರಿಗೆ ಅಡ್ಡ ನಿಂತೆ. ಆಚೆ ಸರಿ ಎಂದರು. ನಾನು ಸರಿಯಲಿಲ್ಲ. ನನ್ನ ಎದೆಗೆ ಗುದ್ದಿದರು.

“ಬಿಡೋ, ಅದು ನನ್ನ ಜೀವ ಅದ.”

“ಒಳಗ ಹ್ವಾದ್ರ ಸಾಯ್ತೀರಿ, ಅತ್ತೀ.”

ಅವರು ಕೇಳಲಿಲ್ಲ. ನಾನು ಹಿರಿಯ ಹೆಂಗಸನ್ನು ರಟ್ಟೆ ಹಿಡಿದು ತಿರುಗಿಸಿ ಹಿಂದಕ್ಕೆ ತಳ್ಳಿದೆ. ಗೋಡೆಗೆ ತಾಗಿ ಕುಸಿದು ಕೂತರು. ಜೀವಮಾನದಲ್ಲಿ ಯಾರೂ ಅವರನ್ನು ಹಾಗೆ ಮುಟ್ಟಿರಲಿಕ್ಕಿಲ್ಲ. ನನ್ನನ್ನು ನೋಡಿದ ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲು. ಬಾಗಿಲು ಎಳೆದುಕೊಂಡು ಅಗಳಿ ಹಾಕಿದೆ.

ಅಕ್ಕನ ಬಳಿ ಬಂದರೆ ಅವಳ ಕೈಕಾಲು ಸೆಟೆದು ನಡುಗುತ್ತಿದ್ದವು. ಉಸಿರು ಒಂದು ಬರುತ್ತದೆ, ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಮುಖ ಬಿಳಿಚಿರಲಿಲ್ಲ, ನೀಲಿಯಾಗಿರಲಿಲ್ಲ. ಕೆಂಪಾಗಿತ್ತು. ತುಟಿ ಆಗಷ್ಟೇ ಎಲೆ ಅಡಿಕೆ ಹಾಕಿದವಳ ಹಾಗೆ ಕೆಂಪು. ಈ ವಿಷ ರಕ್ತದಿಂದ ಪ್ರಾಣವಾಯುವನ್ನು ಕಸಿಯುವುದಿಲ್ಲ; ರಕ್ತ ಅದನ್ನು ಹೊತ್ತು ತಂದರೂ ಮೈ ಬಳಸಿಕೊಳ್ಳದ ಹಾಗೆ ಮಾಡುತ್ತದೆ. ಅದಕ್ಕೇ ರಕ್ತ ಕೆಂಪಾಗಿಯೇ ಉಳಿಯುತ್ತದೆ ಎಂದು ಓದಿದ್ದೆ. ಓದಿದ್ದನ್ನು ಅಕ್ಕನ ಮುಖದ ಮೇಲೆ ನೋಡಿದೆ. ಸಾಯುತ್ತಿರುವವಳು ಹಬ್ಬದ ದಿನದ ಹಾಗೆ ಕಾಣುತ್ತಿದ್ದಳು.

ಕಾಲೇಜಿನಲ್ಲಿ ನೀರಿನಲ್ಲಿ ಮುಳುಗಿದವರಿಗೆ ಉಸಿರು ತರಿಸುವುದನ್ನು ಕಲಿಸಿದ್ದರು. ಅವಳನ್ನು ಬೋರಲು ಮಲಗಿಸಿ, ಮುಖ ಒಂದು ಬದಿಗೆ ತಿರುಗಿಸಿ, ಪಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು ಒತ್ತುವುದು, ಬಿಡುವುದು. ಒತ್ತಿದೆ, ಬಿಟ್ಟೆ. ಆಷಾಢದ ಗಾಳಿ ಅಂಗಳದ ತುಂಬ ಬೀಸುತ್ತಿತ್ತು. ಆ ಗಾಳಿಯನ್ನು ಅಂದಿನವರೆಗೂ ಬೈದವನು, ಇನ್ನೂ ಬೀಸು ಎಂದು ಬೇಡಿಕೊಂಡೆ. ಹೀಗೆ ಎಷ್ಟು ಹೊತ್ತು ಹೋಯಿತೋ ತಿಳಿಯದು. ಜನ ಸೇರಿದರು. ಸರ್ಕಾರಿ ದವಾಖಾನೆಗೆ ಯಾರೋ ಓಡಿದರು. ಅಲ್ಲಿ ಇದ್ದದ್ದು ಕಂಪೌಂಡರ್ ಒಬ್ಬರೇ. ಅವರು ಬಂದು ನಾಡಿ ಹಿಡಿದು, ನೀವು ಮಾಡುವುದನ್ನೇ ಮಾಡಿ, ನನ್ನ ಬಳಿ ಇದಕ್ಕೆ ಔಷಧ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ನನ್ನ ತೋಳು ಸೋತಾಗ ತಾವು ಕೂತು ಒತ್ತಿದರು.

ಸೇರಿದವರ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಮೊದಲು ಏನಾಯಿತು ಎಂಬ ಮಾತು. ಆಮೇಲೆ ಅದು ಬೇರೆ ಕಡೆ ತಿರುಗಿತು. ಅವನ ಕೋಣೆಯಲ್ಲಿ ಮದ್ದು ಇದೆ, ಮನೆಯ ಹೆಂಗಸಿಗೆ ಮದ್ದು ಹಾಕಿದ್ದಾನೆ ಎಂದು ಹಿಂದಿನಿಂದ ಒಬ್ಬ ಅಂದ. ಇನ್ನೊಬ್ಬ ಹೂಂ ಅಂದ. ಅದೇ ಹೊತ್ತಿಗೆ ಚಾಚಾ ನಮಾಜು ಮುಗಿಸಿ ಬಂದರು. ತಲೆಯ ಮೇಲೆ ಟೊಪ್ಪಿಗೆ ಇನ್ನೂ ಇತ್ತು. ಅಕ್ಕನನ್ನು ನೋಡಿದರು, ಅಗಳಿ ಹಾಕಿದ ಬಾಗಿಲು ನೋಡಿದರು, ಏನೂ ಕೇಳದೆ ಹೊರಗಿನ ಚಪ್ಪರಕ್ಕೆ ಹೋಗಿ ಬಿದಿರಿನ ಗಳುವಿನಿಂದ ಕಿಟಕಿಯನ್ನು ಒಡೆದರು. ಗಾಳಿ ಒಳಹೊಕ್ಕು ವಿಷವನ್ನು ಬಾಗಿಲ ಸಂದಿಯಿಂದ ಅಂಗಳಕ್ಕೆ ತಳ್ಳೀತೆಂದು ನಾನು ಜನರನ್ನು ದೂರ ಸರಿಸಿ ಅಕ್ಕನನ್ನು ಬೀದಿಯ ಕಡೆಗೆ ಎಳೆದುಕೊಂಡೆ. ಆದರೆ ಜನರಿಗೆ ಕಂಡದ್ದು ಮುದುಕ ಕಿಟಕಿ ಒಡೆದದ್ದು. ಏನನ್ನೋ ಅಡಗಿಸುತ್ತಿದ್ದಾನೆ ಎಂದರು. ಇಬ್ಬರು ಹೋಗಿ ಅವರ ತೋಳು ಹಿಡಿದರು. ನಾನು ಅಲ್ಲಿಂದಲೇ ಬಿಡ್ರಿ ಎಂದೆ. ನನ್ನ ಮಾತು ಯಾರಿಗೂ ಕೇಳಲಿಲ್ಲ. ಕೈ ಬಿಟ್ಟು ಎದ್ದರೆ ಅಕ್ಕನ ಉಸಿರು ನಿಲ್ಲುತ್ತದೆ.

ಅಕ್ಕ ಸತ್ತಿದ್ದರೆ ಚಾಚಾ ಅಂದು ಆ ಬೀದಿಯಲ್ಲಿ ಉಳಿಯುತ್ತಿದ್ದರೇ? ನಾನು ಹೇಳುವ ಹುಣಸೆಯ ರಸಾಯನಶಾಸ್ತ್ರವನ್ನು ಆ ಜನ ನಂಬುತ್ತಿದ್ದರೇ? ದಿನಾ ಸಾರಿಗೆ ಹಾಕುವ ಹುಣಸೆ ಮನುಷ್ಯರನ್ನು ಕೊಂದಿತು ಎಂದರೆ ಯಾರು ನಂಬುತ್ತಾರೆ? ಆಮೇಲಿನ ವರ್ಷಗಳಲ್ಲಿ ನಮ್ಮ ಕಡೆ ಹಿಂದೂ ಮುಸಲ್ಮಾನರ ನಡುವೆ ಆದದ್ದನ್ನೆಲ್ಲ ಕಂಡ ಮೇಲೆ ಈ ಪ್ರಶ್ನೆ ಇನ್ನೂ ದೊಡ್ಡದಾಗಿದೆ.

ಕಂಪೌಂಡರ್ ನನ್ನ ಕೈ ಹಿಡಿದು ಒತ್ತುವುದನ್ನು ನಿಲ್ಲಿಸಿದರು. ಮುಗಿಯಿತು ಎಂದುಕೊಂಡೆ. ಅವರು, ತಾನೇ ಉಸಿರಾಡಾಕತ್ತಾಳ ನೋಡ್ರಿ ಎಂದರು. ಹೌದು. ಅವಳ ಬೆನ್ನು ತಾನಾಗಿ ಏರಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟು, ಕೆಸರಿನಲ್ಲಿ ಕೆನ್ನೆ ಇಟ್ಟುಕೊಂಡೇ, ತೋಳು ಹಿಡಿಸಿಕೊಂಡು ನಿಂತ ಚಾಚಾನನ್ನು ನೋಡಿದಳು. ಅರ್ಥವಾಗಲು ಅವಳಿಗೆ ಸಮಯ ಹಿಡಿಯಿತು.

“ಅವರಿಗ್ಯಾಕ ಹಿಡದೀರಿ,” ಎಂದಳು. ಗಂಟಲು ಒಡೆದ ಕೊಳಲಿನ ಹಾಗಿತ್ತು. “ಹುಣಸಿನೀರು ಹಾಕ್ದಾಕಿ ನಾನು. ನಾನೇ ಹಾಕ್ದೆ.”

ತೋಳು ಬಿಟ್ಟರು. ಜನ ಸರಿದರು. ಒಬ್ಬೊಬ್ಬರಾಗಿ ಹೊರಟರು.

ಭರಣಿಯನ್ನು ಆ ದಿನ ಯಾರೂ ಮುಟ್ಟಲಿಲ್ಲ. ಸಂಜೆ ಭಾವನಿಗೆ ಸುದ್ದಿ ಮುಟ್ಟಿ ಬಂದ. ಚಾಚಾ ಅಂಗಳದ ಕಲ್ಲಿನ ಮೇಲೆ ಕೂತವರು ಎದ್ದೇ ಇರಲಿಲ್ಲ. ಅಕ್ಕನನ್ನು ಪಡಸಾಲೆಯಲ್ಲಿ ದಿಂಬಿಗೆ ಒರಗಿಸಿದ್ದೆವು. ಅವಳು ಅಲ್ಲಿಂದಲೇ ಕೇಳಿದಳು.

“ಚಾಚಾ, ನೀವು ಉಪ್ಪಿನಕಾಯಿ ಒಲ್ಲೆ ಅಂತಿದ್ರಲ್ಲ, ಇದಕ್ಕೇನು?”

“ಹೌದು ಬೇಟಿ. ಖಟ್ಟಾ, ಹುಳಿ, ಒಳಗ ಬರಬಾರದು ಅಂತ ಕೆಲಸ ಕಲಿಸಿದ ಉಸ್ತಾದ್ ಹೇಳಿದ್ದ.”

“ನಾನು ನಿಮ್ಮ ಹರಕಿ ಅಂದ್ಕೊಂಡಿದ್ದೆ. ಯಾವುದೋ ಪೀರಂದು.”

ಚಾಚಾ ಮುಖ ಮುಚ್ಚಿಕೊಂಡರು. ಪರಸ್ಪರರ ನೇಮಕ್ಕೆ ಮರ್ಯಾದೆ ಕೊಟ್ಟು ಯಾರೂ ಯಾರನ್ನೂ ಕೇಳದೆ ಬದುಕಿದ ಮನೆಯದು. ಆ ಮರ್ಯಾದೆಯ ಬಗ್ಗೆ ನನಗೆ ಅಂದಿನಿಂದ ಒಂದು ಅಳುಕು ಉಳಿದಿದೆ.

ಮರುದಿನ ಅತ್ತೆ ನನ್ನ ಕೈಯಿಂದ ನೀರು ತೆಗೆದುಕೊಂಡರು, ತಳ್ಳಿದ್ದರ ಮಾತು ಎತ್ತಲಿಲ್ಲ. ಕರಡಿಗೆ ಮಾತ್ರ ಬೇಡ ಎಂದರು. ವಸ್ತ್ರದಲ್ಲೇ ಲಿಂಗ ಕಟ್ಟಿಕೊಂಡರು, ಕೊನೆಯವರೆಗೂ.

ಅಕ್ಕ ಬದುಕಿದಳು, ಆದರೆ ತಕ್ಷಣ ಮೊದಲಿನ ಅಕ್ಕ ಆಗಲಿಲ್ಲ. ತಲೆನೋವು, ಕೈ ನಡುಕ. ತಟ್ಟುವ ರೊಟ್ಟಿ ಹರಿಯುತ್ತಿತ್ತು. ನಾನು ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ ಅವಳ ಉಸಿರು ನಿಂತಿದೆ ಎಂದು ಥಟ್ಟನೆ ಅನಿಸಿ, ಹುಡುಗರಿಗೆ ಏನೋ ಬರೆಯಲು ಕೊಟ್ಟು ಮನೆಗೆ ಓಡಿ ಬಂದದ್ದುಂಟು. ಅವಳು ಹೊಲಿಯುತ್ತಲೋ ಮಲಗಿಯೋ ಇರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಸೆರಗು ಏರಿ ಇಳಿಯುವುದನ್ನು ನೋಡಿ ಮರಳುತ್ತಿದ್ದೆ. ತವರಿಗೆ ಹೋಗಿ ಸುಧಾರಿಸಿಕೊಂಡು ಬರಲಿ ಎಂದು ಭಾವ ತೀರ್ಮಾನಿಸಿದ. ಕಲ್ಯಾಣಿಗೆ ಸುದ್ದಿ ಹೇಳಿ ಕಳಿಸಿರಲಿಲ್ಲ. ಅವ್ವನಿಗೆ ತಿಳಿಸುವುದು ಬೇಡ ಎಂದು ಅಕ್ಕನೇ ತಡೆದಿದ್ದಳು.

ಬೆಳಗಿನ ತಂಪಿನಲ್ಲಿ ರಾಜೇಶ್ವರ ದಾಟಿಬಿಡಬೇಕೆಂದು ನಸುಕಿನಲ್ಲೇ ಗಾಡಿ ಹೂಡಿಸಿದೆವು. ಮೋಡ ಹರಿದು ಪೂರ್ವದಲ್ಲಿ ಕೆಲವು ಚುಕ್ಕಿ ಉಳಿದಿದ್ದವು. ಅಕ್ಕ ಹುಲ್ಲಿನ ಮೇಲೆ ಹಾಸಿದ ಜಮಖಾನೆಯಲ್ಲಿ ಮಲಗಿ ಮೇಲೆ ನೋಡುತ್ತಿದ್ದಳು. ಆ ದಿನದ ನಂತರ ನಾನು ಆಕಾಶದ ಮಾತು ಎತ್ತಿರಲಿಲ್ಲ. ಅವಳೇ ಎತ್ತಿದಳು.

“ತಮ್ಮಾ, ಅದೇ ಏನು? ನೀ ಹೇಳ್ತಿದ್ದಿಯಲ್ಲ, ಇದ್ದಿಲು ಮತ್ತ ಗಾಳಿ?”

“ಅದೇ ಅಕ್ಕಾ.”

ಗಾಡಿ ಹೊಲಗಳ ನಡುವೆ ಸ್ವಲ್ಪ ದೂರ ಸಾಗಿತು.

“ಅಲ್ಲಿ ಉಸಿರಾಡವರು ಯಾರೂ ಇಲ್ಲಲ್ಲ?”

ಇಲ್ಲ ಎಂದೆ. ಅಲ್ಲಿ ಅದು ಎಷ್ಟು ವಿರಳ ಎಂದು ಹೇಳಿದೆ. ಈ ಭೂಮಿ ಹಿಡಿಸುವಷ್ಟು ಬಯಲನ್ನು ಸೋಸಿ ತೆಗೆದರೂ ಆ ಜೋಡಿ ಒಂದು ಚಿಟಿಕೆ ಸಿಗುತ್ತದೋ ಇಲ್ಲವೋ. ಒಂಟಿ ಒಂಟಿಯಾಗಿ ತೇಲುವಾಗ ಅದು ವಿಷವಲ್ಲ, ಬರೀ ಬೆಳಕಿಗೆ ಅಡ್ಡ ಬಂದ ಒಂದು ಗೆರೆ. ಹೇಳಿದ್ದನ್ನೇ ಮತ್ತೆ ಹೇಳತೊಡಗಿದೆ. ಅವಳು, ಸಾಕು ಬಿಡು ಎಂದು ನನ್ನ ಮೊಣಕೈ ತಟ್ಟಿದಳು.

ಇದಾದ ಬಹಳ ವರ್ಷಗಳ ಮೇಲೆ, ರೇಡಿಯೋ ದೂರದರ್ಶಕಗಳ ಕಾಲದಲ್ಲಿ, ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಆ ಜೋಡಿಯಷ್ಟೇ ಅಲ್ಲ, ಮೂರನೆಯದು ಕೂಡಿದ ಅನಿಲವೂ ಇದೆ ಎಂದು ಪತ್ರಿಕೆಯಲ್ಲಿ ಓದಿದೆ. ಆ ಭರಣಿಯಿಂದ ಎದ್ದದ್ದೇ ಅದು, ಅಣುವಿಗೆ ಅಣು ಅದೇ. ಜೀವದ ಮೂಲವಸ್ತುಗಳು ಹುಟ್ಟಲು ಅದೂ ಒಂದು ಸಾಮಗ್ರಿ ಆಗಿದ್ದಿರಬಹುದು ಎಂದು ಅಲ್ಲಿ ಬರೆದಿತ್ತು. ಪತ್ರಿಕೆ ಕೈಯಿಂದ ಬಿತ್ತು. ನನ್ನ ಮನೆಯವರು ಏನಾಯಿತು ಎಂದು ಓಡಿ ಬಂದರು. ವಿಜ್ಞಾನದ ಸುದ್ದಿ ಓದಿ ಹೀಗೆ ಹೆದರುವ ಮೇಷ್ಟ್ರನ್ನು ಎಲ್ಲೂ ಕಂಡಿಲ್ಲ ಎಂದರು.

ಅಂದು ರಾಜೇಶ್ವರ ದಾಟುವ ಹೊತ್ತಿಗೆ ಬಿಸಿಲೇರಿತ್ತು. ಕಲ್ಯಾಣಿಯ ಕೋಟೆಯ ಗೋಡೆ ಕಾಣುತ್ತಲೇ ಅಕ್ಕ ಗಾಡಿ ನಿಲ್ಲಿಸು ಎಂದಳು. ಇಳಿದು ನಡೆಯುತ್ತೇನೆ ಎಂದಳು. ಹುಚ್ಚೇ ಎಂದೆ.

“ಮಲಕೊಂಡು ತವರಿಗಿ ಬಂದ್ಳು ಅಂತ ಓಣಿಯವರು ಅವ್ವಗ ಮೊದಲು ಹೇಳ್ತಾರ. ನಾ ಹೇಳೋದ್ರಾಗ ಆಕಿ ಎದಿ ಒಡಕೊಂಡಿರ್ತಾಳ.”

ಇಳಿದಳು. ಸೀರೆ ಸರಿ ಮಾಡಿಕೊಂಡು ನಡೆದಳು. ನಾನು ಹಿಂದೆ, ನನ್ನ ಹಿಂದೆ ಗಾಡಿ. ಓಣಿಯ ಏರಿನಲ್ಲಿ ಅವಳ ಉಸಿರು ಕೇಳತೊಡಗಿತು. ನಿಂತಳು, ಯಾರದೋ ಮನೆಯ ಗೋಡೆಗೆ ಕೈ ಊರಿದಳು. ತಿರುಗಿದಾಗ ಮುಖ ಕೆಂಪಾಗಿತ್ತು. ನಾನು ಅವಳ ತುಟಿಯನ್ನೇ ನೋಡುತ್ತ ನಿಂತೆ.

“ಬಿಸಿಲಿಗಿ ಆಗ್ಯಾದ,” ಎಂದಳು. “ಹಂಗ ನೋಡಬ್ಯಾಡ. ನಡಿ.”

ಅವ್ವ ಬಾಗಿಲಿಗೆ ಬಂದಳು. ಹೇಳದೆ ಬಂದಿರಲ್ಲ ಎಂದು ಬೈದಳು, ಎಷ್ಟು ಸೊರಗಿದ್ದೀ ಎಂದು ಅಕ್ಕನ ಗಲ್ಲ ಹಿಡಿದಳು. ಅಕ್ಕ ನಗುತ್ತ ಅವಳ ಹೆಗಲ ಮೇಲೆ ಕೈ ಹಾಕಿ ಒಳಗೆ ಹೋದಳು. ಆಸರೆಗಾಗಿ ಹಾಕಿದ ಕೈ ಅದು ಎಂದು ಅವ್ವನಿಗೆ ತಿಳಿಯಲಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಅಕ್ಕನ ಮಾತು ಕೇಳುತ್ತಿತ್ತು. ಹುಮನಾಬಾದಿನ ಮಳೆ, ಭಾವನ ವ್ಯಾಪಾರ, ಏನೇನೋ. ಮಾತು ಕೇಳುತ್ತಿರುವಷ್ಟು ಹೊತ್ತು ನಾನು ಗಾಡಿಯವನ ಜೊತೆ ಎತ್ತಿಗೆ ಹುಲ್ಲು ಹಾಕಿಸುತ್ತ ಇದ್ದೆ.

ಮಾತು ನಿಂತಿತು. ನಾನು ಹುಲ್ಲು ಬಿಟ್ಟು ಎದ್ದು ಒಳಗೆ ಓಡಿದೆ.

ಅಕ್ಕ ನೀರು ಕುಡಿಯುತ್ತಿದ್ದಳು.